ಗಾಳಿಯೊಳಗೆ ಸೋರಿದ ಬೆಳಕು: ಎಂ82 ಗೆಲಾಕ್ಸಿಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ವಿದ್ಯಾರ್ಥಿನಿಯ ಹೆಸರು, ಆಕೆ ಓದಿದ ವಿಶ್ವವಿದ್ಯಾಲಯ, ಕೆಲಸ ನಡೆದ ವರ್ಷ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಗೆಲಾಕ್ಸಿಯ ಹೆಸರನ್ನು ಮಾತ್ರ ಇದ್ದಂತೆಯೇ ಬಿಟ್ಟಿದ್ದೇನೆ, ಅದನ್ನು ಮುಚ್ಚಿಟ್ಟರೆ ಹೇಳಲು ಏನೂ ಉಳಿಯುವುದಿಲ್ಲ. ನಡೆದ ತಪ್ಪಿನಲ್ಲಿ ಅರ್ಧ ಪಾಲು ಮಾರ್ಗದರ್ಶಕನಾದ ನನ್ನದು. ಅದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಬರೆಯುವುದು ಸುಲಭ.

ಗೆಲಾಕ್ಸಿ ಮತ್ತು ಪ್ರಶ್ನೆ

ಎಂ82 ಇರುವುದು ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಬೆಂಗಳೂರಿನಿಂದ ನೋಡುವವರಿಗೆ ಅದು ಉತ್ತರ ದಿಗಂತದಿಂದ 33 ಡಿಗ್ರಿಗಿಂತ ಮೇಲೆ ಎಂದೂ ಏರುವುದಿಲ್ಲ. ಸಣ್ಣ ದೂರದರ್ಶಕದಲ್ಲಿ ಚುರುಟಿನ ಆಕಾರದ ಮಸುಕು ಗೆರೆಯಂತೆ ಕಾಣುತ್ತದೆ. 1774ರ ಕೊನೆಯ ದಿನ ಬರ್ಲಿನ್ನಿನಲ್ಲಿ ಖಗೋಳಜ್ಞ ಯೋಹಾನ್ ಬೋಡೆ ಕಂಡದ್ದೂ ಇಷ್ಟೇ. ಆ ಗೆರೆಯ ನಡುವೆ ನಡೆಯುತ್ತಿರುವ ಗದ್ದಲ ಗೊತ್ತಾದದ್ದು ಬಹಳ ತಡವಾಗಿ.

ಪಕ್ಕದ ದೊಡ್ಡ ಗೆಲಾಕ್ಸಿ ಎಂ81ರ ಗುರುತ್ವ ಇದನ್ನು ಕಲಕಿದೆ. ಅನಿಲ ನಡುವಿಗೆ ಕುಸಿದು, ಅಲ್ಲಿ ನಕ್ಷತ್ರಗಳು ಗುಂಪುಗುಂಪಾಗಿ ಹುಟ್ಟುತ್ತಿವೆ. ವರ್ಷಕ್ಕೆ ಸರಿಸುಮಾರು ಹತ್ತು ಸೂರ್ಯರಷ್ಟು ಅನಿಲ ನಕ್ಷತ್ರಗಳಾಗುತ್ತಿದೆ. ಇದಕ್ಕಿಂತ ಬಹಳ ದೊಡ್ಡದಾದ ನಮ್ಮ ಆಕಾಶಗಂಗೆಯಲ್ಲಿ ಆ ಲೆಕ್ಕ ಒಂದೆರಡು ಸೂರ್ಯರನ್ನು ದಾಟುವುದಿಲ್ಲ. ಇಂಥವನ್ನು ಸ್ಟಾರ್‌ಬರ್ಸ್ಟ್ ಗೆಲಾಕ್ಸಿ ಎನ್ನುತ್ತಾರೆ. ಹುಟ್ಟಿದವುಗಳಲ್ಲಿ ಭಾರಿ ನಕ್ಷತ್ರಗಳು ಬೇಗ ಸಾಯುತ್ತವೆ, ಆದ್ದರಿಂದ ನಡುಭಾಗದಲ್ಲಿ ಹತ್ತು ವರ್ಷಕ್ಕೊಂದರಂತೆ ಸೂಪರ್‌ನೋವಾ ಸಿಡಿಯುತ್ತದೆ. ಸಿಡಿದ ಚೂರುಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಕೋಟಿಗಟ್ಟಲೆ ಡಿಗ್ರಿ ಬಿಸಿಯಾಗಿ, ಗೆಲಾಕ್ಸಿಯ ತಟ್ಟೆಯ ಮೇಲಕ್ಕೂ ಕೆಳಕ್ಕೂ ಗಾಳಿಯಾಗಿ ನುಗ್ಗುತ್ತವೆ. ಸಾಮಾನ್ಯ ದೂರದರ್ಶಕದ ಚಿತ್ರದಲ್ಲಿ ಕಾಣುವ ಕೆಂಪು ಎಳೆಗಳು ಈ ಗಾಳಿಯಲ್ಲ. ಅವು ಗಾಳಿ ಹೊತ್ತೊಯ್ಯುತ್ತಿರುವ ತಂಪು ಅನಿಲ. ಆಷಾಢದ ಗಾಳಿಯಲ್ಲಿ ನಮಗೆ ಕಾಣುವುದು ದೂಳು, ಗಾಳಿಯಲ್ಲ. ಇಲ್ಲಿಯೂ ಹಾಗೆಯೇ.

ಗಾಳಿಯನ್ನೇ ನೋಡಬೇಕೆಂದರೆ ಕ್ಷ-ಕಿರಣಗಳಲ್ಲಿ ನೋಡಬೇಕು, ಮತ್ತು ಕ್ಷ-ಕಿರಣಗಳನ್ನು ಭೂಮಿಯ ವಾತಾವರಣ ನುಂಗಿಬಿಡುವುದರಿಂದ ಬಾಹ್ಯಾಕಾಶದಿಂದಲೇ ನೋಡಬೇಕು. ಆಕೆ ಎತ್ತಿಕೊಂಡ ಪ್ರಶ್ನೆ ಹೊರನೋಟಕ್ಕೆ ಸರಳವಾಗಿತ್ತು: ಹೊರಡುವ ಜಾಗದಲ್ಲಿ ಈ ಗಾಳಿಯ ತಾಪ ಎಷ್ಟು? ತಾಪ ಗೊತ್ತಾದರೆ ಅದು ಮುಂದೆ ಎಷ್ಟು ವೇಗ ಪಡೆಯಬಲ್ಲದು ಎಂಬುದು ಗೊತ್ತಾಗುತ್ತದೆ. ವೇಗ ಗೊತ್ತಾದರೆ ಅದು ಗೆಲಾಕ್ಸಿಯಿಂದ ತಪ್ಪಿಸಿಕೊಂಡು ಹೋಗುವುದೋ, ಮರಳಿ ಬೀಳುವುದೋ ಎಂಬುದನ್ನು ಹೇಳಬಹುದು. 1985ರಲ್ಲಿ ಖಗೋಳ ವಿಜ್ಞಾನಿಗಳಾದ ಶೆವಲಿಯೇ ಮತ್ತು ಕ್ಲೆಗ್ ಬರೆದ ಸಮೀಕರಣಗಳು ಇದಕ್ಕೆ ಇಂದಿಗೂ ಆಧಾರ. ಅವುಗಳ ಪ್ರಕಾರ, ಸೂಪರ್‌ನೋವಾಗಳ ಶಕ್ತಿಯೆಲ್ಲ ಗಾಳಿಗೇ ಸಂದು, ಅದರಲ್ಲಿ ಹೊರಗಿನ ತಂಪು ಅನಿಲ ಬೆರೆಯದಿದ್ದರೆ ತಾಪ ಹತ್ತು ಕೋಟಿ ಡಿಗ್ರಿಯ ಆಸುಪಾಸಿಗೆ ಏರಬಹುದು. ತಂಪು ಅನಿಲ ಬೆರೆತಷ್ಟೂ ಇಳಿಯುತ್ತದೆ.

ಸಾಮಗ್ರಿ

ಉಪಕರಣದ ಆಯ್ಕೆಯಲ್ಲಿ ಹೆಚ್ಚು ಚರ್ಚೆಗೆ ಜಾಗವಿರಲಿಲ್ಲ. ನಮ್ಮದೇ ಆಸ್ಟ್ರೋಸ್ಯಾಟ್ ಉಪಗ್ರಹದ ಮೃದು, ಅಂದರೆ ಕಡಿಮೆ ಶಕ್ತಿಯ, ಕ್ಷ-ಕಿರಣ ದೂರದರ್ಶಕವನ್ನು ಬಳಸುವ ಆಸೆ ಆಕೆಗಿತ್ತು. ದತ್ತಾಂಶ ಬಂದಿಳಿಯುವುದು ಬೆಂಗಳೂರಿನ ಪಕ್ಕದ ಬ್ಯಾಲಾಳುವಿಗೆ. ಆದರೆ ಅದರ ನೋಟದ ಸೂಕ್ಷ್ಮತೆ ಕೆಲವು ಆರ್ಕ್‌ನಿಮಿಷಗಳಷ್ಟು (ಆರ್ಕ್‌ನಿಮಿಷವೆಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು). ಎಂ82ರ ಇಡೀ ಉದ್ದವೇ ಹನ್ನೊಂದು ಆರ್ಕ್‌ನಿಮಿಷ. ನಡುಭಾಗವೆಲ್ಲ ಒಂದೇ ಚುಕ್ಕೆಯಾಗಿಬಿಡುತ್ತದೆ. ಉಳಿದದ್ದು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ಚಂದ್ರಾ ವೀಕ್ಷಣಾಲಯ. 1999ರ ಜುಲೈ 23ರಂದು ಹಾರಿದ ಅದರ ಕನ್ನಡಿಗಳು ಅರ್ಧ ಆರ್ಕ್‌ಸೆಕೆಂಡಿನಷ್ಟು (ಆರ್ಕ್‌ನಿಮಿಷದ ಅರವತ್ತನೇ ಒಂದು ಪಾಲು ಆರ್ಕ್‌ಸೆಕೆಂಡ್) ಸಣ್ಣದನ್ನೂ ಬಿಡಿಸಿ ತೋರಿಸುತ್ತವೆ. ಕ್ಷ-ಕಿರಣ ಚಿತ್ರಗಳಲ್ಲಿ ಅದಕ್ಕೆ ಸರಿಸಾಟಿ ಇಂದಿಗೂ ಇಲ್ಲ. ಹಳೆಯ ವೀಕ್ಷಣೆಗಳೆಲ್ಲ ಸಾರ್ವಜನಿಕ ಭಂಡಾರದಲ್ಲಿವೆ, ತಂತ್ರಾಂಶವೂ ಉಚಿತ. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಕುಳಿತವರೂ ಇಳಿಸಿಕೊಳ್ಳಬಹುದು. ವಿದ್ಯುತ್ತು ಇರಬೇಕು, ಅಷ್ಟೆ.

ಈ ದತ್ತಾಂಶ ಹೇಗಿರುತ್ತದೆಂದು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅದು ಫೋಟೋ ಅಲ್ಲ, ಪಟ್ಟಿ. ಬಂದ ಒಂದೊಂದು ಫೋಟಾನಿಗೆ, ಅಂದರೆ ಬೆಳಕಿನ ಕಣಕ್ಕೆ, ಒಂದು ಸಾಲು: ಯಾವ ಕ್ಷಣದಲ್ಲಿ ಬಂತು, ಫಲಕದ ಯಾವ ಚೌಕದ ಮೇಲೆ ಬಿತ್ತು, ಎಷ್ಟು ಶಕ್ತಿಯದ್ದು. ಕಿರಾಣಿ ಅಂಗಡಿಯ ದಿನವಹಿಯ ಹಾಗೆ. ಚಿತ್ರವಾಗಲಿ ರೋಹಿತವಾಗಲಿ (ಯಾವ ಶಕ್ತಿಯ ಫೋಟಾನುಗಳು ಎಷ್ಟು ಬಂದವು ಎಂದು ತೋರಿಸುವ ನಕ್ಷೆ) ಆ ದಿನವಹಿಯಿಂದ ನಾವು ಮಾಡಿಕೊಳ್ಳುವ ಸಾರಾಂಶಗಳು. ಸಾರಾಂಶ ಮಾಡುವಾಗ ಯಾವುದೋ ಒಂದು ಕಂಬಸಾಲನ್ನು ಕೂಡಿ ಕಳೆದುಬಿಟ್ಟಿರುತ್ತೇವೆ. ನಾವು ಕಳೆದದ್ದು ಮೊದಲ ಕಂಬಸಾಲನ್ನು, ಅಂದರೆ ಕಾಲವನ್ನು.

ಎರಡು ದೀಪಗಳು

ಎಂ82ರ ನಡುವೆ ಗಾಳಿಯ ಮಂದ ಬೆಳಕಿನ ಮೇಲೆಯೇ ಎರಡು ಉಗ್ರ ದೀಪಗಳು ಕುಳಿತಿವೆ: ಎಕ್ಸ್-1 ಮತ್ತು ಎಕ್ಸ್-2. ಜೊತೆಗಾರ ನಕ್ಷತ್ರದಿಂದ ಅನಿಲ ಎಳೆದುಕೊಂಡು ಉರಿಯುವ ಕಾಯಗಳಿವು. ಎರಡರ ನಡುವಿನ ಅಂತರ ಐದೇ ಆರ್ಕ್‌ಸೆಕೆಂಡ್. ಹೆಚ್ಚು ಶಕ್ತಿಯ ಕ್ಷ-ಕಿರಣಗಳಲ್ಲಿ, ಬೆಳಗಿದ ದಿನಗಳಲ್ಲಿ ಎಕ್ಸ್-1 ಒಂದೇ ಇಡೀ ಹಬ್ಬಿದ ಗಾಳಿಗಿಂತ ಹತ್ತು ಪಟ್ಟು ಮತ್ತು ಅದಕ್ಕೂ ಹೆಚ್ಚು ಪ್ರಕಾಶಮಾನ. ಚಂದ್ರಾದ ಫಲಕ ಸುಮಾರು 3.2 ಸೆಕೆಂಡಿಗೊಮ್ಮೆ ಓದಿಕೊಳ್ಳುತ್ತದೆ. ಅಷ್ಟರೊಳಗೆ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೆ ಎರಡರ ಶಕ್ತಿಯನ್ನು ಕೂಡಿಸಿ ಒಂದೇ ಎಂದು ಬರೆದುಕೊಳ್ಳುತ್ತದೆ. ಇದನ್ನು ಪೈಲ್‌ಅಪ್ ಎನ್ನುತ್ತಾರೆ. ದೀಪಗಳ ನಡುನೆತ್ತಿಯ ಲೆಕ್ಕ ಹೀಗೆ ಕೆಡುತ್ತದೆ ಎಂಬುದು ಆಕೆಗೆ ಮೊದಲೇ ಗೊತ್ತಿತ್ತು. ಓದಿಕೊಳ್ಳುವ ಹೊತ್ತಿನಲ್ಲಿ ಬಿದ್ದ ಬೆಳಕು ಚಿತ್ರದ ತುದಿಯಿಂದ ತುದಿಗೆ ಎಳೆಯುವ ತೆಳು ಗೀಟನ್ನೂ ಆಕೆ ಗುರುತಿಸಿ ತೆಗೆದಿದ್ದಳು. ಎಚ್ಚರಿಕೆಯ ಹುಡುಗಿ. ಹಾಗಾಗಿ ನಾನು ಹೆಚ್ಚು ವಿಚಾರಿಸಲಿಲ್ಲ.

ಮಾಡಿ ನೋಡಿದ್ದು

ಮೊದಲ ಎಡವಟ್ಟು ಚಿಕ್ಕದು, ಬೇಗ ಸಿಕ್ಕಿತು. ಎಲ್ಲ ಕಡೆಯಿಂದ ಬರುವ ಹಿನ್ನೆಲೆ ಕಿರಣಗಳನ್ನು ಕಳೆಯಲು ಆಕೆ ಅದೇ ಫಲಕದ ಒಂದು ಖಾಲಿ ಮೂಲೆಯನ್ನು ಆರಿಸಿದ್ದಳು. ಫಲಕದ ಅಗಲ ಎಂಟು ಆರ್ಕ್‌ನಿಮಿಷ ಚಿಲ್ಲರೆ, ಎಂ82ರ ಮೃದು ಗಾಳಿ ಅದರ ಬಹುಭಾಗವನ್ನು ತುಂಬಿದೆ. ಅಂದರೆ ಖಾಲಿ ಎಂದುಕೊಂಡ ಮೂಲೆ ಖಾಲಿಯಾಗಿರಲಿಲ್ಲ, ಆಕೆ ಗಾಳಿಯಿಂದ ಗಾಳಿಯನ್ನೇ ಕಳೆಯುತ್ತಿದ್ದಳು. ಆಮ್ಲಜನಕ, ನಿಯಾನ್ ರೇಖೆಗಳು ಇರಬೇಕಾದ ಕಡೆ ರೋಹಿತ ತಗ್ಗು ಬಿದ್ದದ್ದನ್ನು ಕಂಡು ಆಕೆಯೇ ಸರಿಪಡಿಸಿದಳು. ಬರಿ ಆಕಾಶದ ಸಿದ್ಧ ದತ್ತಾಂಶವನ್ನು ತಂದು, ಕನ್ನಡಿಗಳು ಬೆಳಕನ್ನು ಕೂಡಿಸಲಾರದಷ್ಟು ಹೆಚ್ಚಿನ ಶಕ್ತಿಯ ಭಾಗದಲ್ಲಿ ಎರಡನ್ನೂ ಸರಿದೂಗಿಸಿ ಕಳೆದಳು.

ಎರಡನೆಯ ನಿರ್ಧಾರವೇ ದೊಡ್ಡದು, ಮತ್ತು ಅದು ನನ್ನದು. ಗಾಳಿಯ ತಾಪ ಹೇಳುವ ಹೆಚ್ಚು ಶಕ್ತಿಯ ಫೋಟಾನುಗಳು ಒಂದೊಂದು ವೀಕ್ಷಣೆಯಲ್ಲಿ ತೀರ ಕಡಿಮೆ. "ಎಲ್ಲವನ್ನೂ ಕೂಡಿಸಿಬಿಡಮ್ಮ, ಅಂಕಿ ಗಟ್ಟಿಯಾಗುತ್ತದೆ" ಎಂದೆ. ಬೇರೆಬೇರೆ ವರ್ಷಗಳ ವೀಕ್ಷಣೆಗಳನ್ನು ಒಟ್ಟುಗೂಡಿಸಿ, ಎರಡು ದೀಪಗಳ ಮೇಲೆ ಕೆಲವು ಆರ್ಕ್‌ಸೆಕೆಂಡ್ ತ್ರಿಜ್ಯದ ವೃತ್ತಗಳನ್ನು ಇಟ್ಟು ಕತ್ತರಿಸಿ, ಸುತ್ತಲಿನ ಬೆಳಕಿನ ರೋಹಿತವನ್ನು ತೆಗೆದಳು.

ರೋಹಿತ ಚೆಂದವಾಗಿ ಬಂತು. 6.7 ಕಿಲೋ ಎಲೆಕ್ಟ್ರಾನ್ ವೋಲ್ಟಿನ (ಫೋಟಾನಿನ ಶಕ್ತಿಯ ಅಳತೆ ಇದು) ಬಳಿ ಕಬ್ಬಿಣದ ರೇಖೆ ಸ್ಪಷ್ಟವಾಗಿ ತಲೆಯೆತ್ತಿತ್ತು. ಇಪ್ಪತ್ತಾರು ಎಲೆಕ್ಟ್ರಾನುಗಳಲ್ಲಿ ಇಪ್ಪತ್ತನಾಲ್ಕನ್ನು ಕಳೆದುಕೊಂಡ ಕಬ್ಬಿಣದ ಸಹಿ ಅದು. ತೀರಾ ಬಿಸಿಯಾದ ಅನಿಲವಿಲ್ಲದೆ ಆ ಸಹಿ ಬೀಳುವುದಿಲ್ಲ. ಬಿಸಿ ಅನಿಲದ ಮಾದರಿಯನ್ನು ಹೊಂದಿಸಿದಾಗ ತಾಪ ಹತ್ತು ಕೋಟಿ ಡಿಗ್ರಿಯನ್ನು ದಾಟಿತು. ಹೊಂದಾಣಿಕೆ ಎಷ್ಟು ಸರಿಯಿದೆ ಎಂದು ಹೇಳುವ ಕೈ-ಸ್ಕ್ವೇರ್ ಅಂಕಿ ಒಂದರ ಪಕ್ಕದಲ್ಲೇ ಬಂದು ಕೂತಿತು. ಒಂದೇ ಒಂದು ಮುಳ್ಳು: ಅಷ್ಟು ಬಿಸಿ ಅನಿಲಕ್ಕೆ ಕಬ್ಬಿಣ ಬಹಳ ಕಡಿಮೆ ಎಂದು ಮಾದರಿ ಹೇಳುತ್ತಿತ್ತು. ಸೂಪರ್‌ನೋವಾಗಳ ಹೊಟ್ಟೆಯಿಂದ ಬಂದ ಗಾಳಿಯಲ್ಲಿ ಕಬ್ಬಿಣ ಕಡಿಮೆಯೇ?

ಇಲ್ಲಿ ನಾವಿಬ್ಬರೂ ಒಂದು ಕಥೆ ಕಟ್ಟಿದೆವು. ಕಬ್ಬಿಣವಿಲ್ಲದ ತಂಪು ಅನಿಲವನ್ನು ಗಾಳಿ ದಾರಿಯಲ್ಲಿ ಬೆರೆಸಿಕೊಂಡಿದೆ, ಹಾಗಾಗಿ ತೆಳುವಾಗಿದೆ. ಕೇಳಲು ಸೊಗಸಾಗಿದೆ. ಆದರೆ ಅಷ್ಟು ತಂಪು ಅನಿಲ ಬೆರೆತಿದ್ದರೆ ತಾಪ ಹತ್ತು ಕೋಟಿ ದಾಟುವುದು ಹೇಗೆ? ಶೆವಲಿಯೇ ಮತ್ತು ಕ್ಲೆಗ್ ಅವರ ಲೆಕ್ಕವನ್ನು ತರಗತಿಯಲ್ಲಿ ಕಲಿಸುವವನು ನಾನೇ. ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಕರಡು ಪ್ರಬಂಧದ ತೀರ್ಮಾನದ ಭಾಗದಲ್ಲಿ ಎರಡೂ ವಾಕ್ಯಗಳು ಒಂದೇ ಪುಟದಲ್ಲಿ, ನಾಲ್ಕು ಸಾಲಿನ ಅಂತರದಲ್ಲಿ, ಜಗಳವಿಲ್ಲದೆ ಕುಳಿತಿದ್ದವು.

ತಿರುವು

ಕರಡು ಕಳಿಸುವ ಮೊದಲು ಆಕೆ ಒಂದು ಸಣ್ಣ ಪರೀಕ್ಷೆ ಮಾಡಿದಳು. ವಿಮರ್ಶಕರು ಕೇಳಬಹುದೆಂಬ ಭಯಕ್ಕೆ ಮಾಡಿದ್ದು, ಅನುಮಾನದಿಂದಲ್ಲ. ಕತ್ತರಿಸುವ ವೃತ್ತವನ್ನು ಸ್ವಲ್ಪ ದೊಡ್ಡದು ಮಾಡಿದಳು. ತಾಪ ಇಳಿಯಿತು. ಇನ್ನಷ್ಟು ದೊಡ್ಡದು ಮಾಡಿದಳು. ಇನ್ನಷ್ಟು ಇಳಿಯಿತು. ಗಾಳಿ ಹೊರಗೆ ಹೋದಂತೆ ತಣ್ಣಗಾಗುವುದು ಸಹಜವೆಂದು ನಾನು ಸಮಾಧಾನ ಹೇಳಿದೆ. ಆಕೆ ಒಪ್ಪಲಿಲ್ಲ. "ಸರ್, ಗಾಳಿ ಹೋಗುವುದು ಮೇಲಕ್ಕೆ ಮತ್ತು ಕೆಳಕ್ಕೆ. ಈ ಬಿಸಿ ಎಲ್ಲ ಕಡೆಗೂ ದುಂಡಗಿದೆ" ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಅದುವರೆಗೆ ನಾನು ಚಿತ್ರವನ್ನು ನೋಡುತ್ತಿದ್ದ ಪ್ರಕಾಶದ ಅಳತೆಯಲ್ಲಿ ಎರಡು ಬಿಳಿ ಚುಕ್ಕೆಗಳ ಹೊರತು ಏನೂ ಕಾಣುತ್ತಿರಲಿಲ್ಲ. ಆಕೆ ಲಾಗರಿದಮ್ ಅಳತೆಗೆ ಬದಲಿಸಿದ್ದಳು. ಮೃದು ಕಿರಣಗಳ ಕೆಂಪು ಮೋಡ ತಟ್ಟೆಗೆ ಅಡ್ಡಲಾಗಿ ಎರಡು ಕಡೆಗೆ ಚಾಚಿತ್ತು. ಗಡಸು, ಅಂದರೆ ಹೆಚ್ಚು ಶಕ್ತಿಯ, ಕಿರಣಗಳ ನೀಲಿ ಬೆಳಕು ಮಾತ್ರ ದೀಪಗಳನ್ನು ಬಳೆಯ ಹಾಗೆ ಸುತ್ತಿತ್ತು.

ಮಡಿಕೇರಿಯ ಮಂಜಿನಲ್ಲಿ ಬೀದಿದೀಪ ನೋಡಿದವರಿಗೆ ಇದು ಏನೆಂದು ಹೇಳಬೇಕಾಗಿಲ್ಲ. ಚಂದ್ರಾದ ಕನ್ನಡಿಗಳು ಎಷ್ಟೇ ನುಣುಪಾಗಿದ್ದರೂ ಬಂದ ಬೆಳಕಿನ ಒಂದು ಸಣ್ಣ ಪಾಲು ಚದುರಿ ದೂರ ಬೀಳುತ್ತದೆ, ಮತ್ತು ಶಕ್ತಿ ಹೆಚ್ಚಾದಷ್ಟೂ ಚದುರುವಿಕೆ ಹೆಚ್ಚು. ದೀಪ ಗಾಳಿಗಿಂತ ಹತ್ತಾರು ಪಟ್ಟು ಪ್ರಕಾಶಮಾನವಾಗಿದ್ದರೆ, ನೂರರಲ್ಲಿ ಮೂರ್ನಾಲ್ಕು ಪಾಲು ವೃತ್ತದಾಚೆ ಸೋರಿದರೂ ಗಾಳಿಯ ಲೆಕ್ಕವನ್ನು ಕೆಡಿಸಲು ಸಾಕು. ಸೋರಿದ ಆ ಬೆಳಕಿನಲ್ಲಿ ಕಬ್ಬಿಣದ ಈ ರೇಖೆಯಿಲ್ಲ, ನಯವಾದ ಗಡಸು ಬೆಳಕಷ್ಟೇ. ಅದನ್ನು ಬಿಸಿ ಅನಿಲದ ಮಾದರಿಗೆ ತುರುಕಿದರೆ ತಾಪ ಏರುತ್ತದೆ, ರೇಖೆ ಹೋಲಿಕೆಯಲ್ಲಿ ಕುಗ್ಗಿ ಕಬ್ಬಿಣ ಕಡಿಮೆಯಾದಂತೆ ತೋರುತ್ತದೆ. ನಮ್ಮ ಕಥೆಯ ಎರಡು ಪಾತ್ರಗಳಿಗೂ ಒಂದೇ ತಾಯಿ.

ಇದು ಇನ್ನೂ ಊಹೆ. ಸಾಬೀತು ಮಾಡುವ ದಾರಿಯನ್ನು ಕಂಡುಕೊಂಡವಳೂ ಆಕೆಯೇ. ಕೂಡಿಸಿದ್ದನ್ನು ಮತ್ತೆ ಬಿಡಿಸಿದಳು. ಎಕ್ಸ್-1 ಸ್ಥಿರವಾದ ದೀಪವಲ್ಲ, ಏರುತ್ತದೆ, ಇಳಿಯುತ್ತದೆ. ಎಕ್ಸ್-2 ಕೆಲವೊಮ್ಮೆ ಇಲ್ಲವೇ ಇಲ್ಲ ಎನ್ನುವಷ್ಟು ಮಂಕಾಗುತ್ತದೆ. ದೀಪಗಳು ಉರಿದ ದಿನಗಳದ್ದೊಂದು ಗುಂಪು, ಮಂಕಾಗಿದ್ದ ದಿನಗಳದ್ದೊಂದು ಗುಂಪು. ಎರಡರಿಂದಲೂ ಬೇರೆಬೇರೆಯಾಗಿ "ಗಾಳಿ"ಯ ರೋಹಿತ ತೆಗೆದಳು. ನೂರಾರು ಜ್ಯೋತಿರ್ವರ್ಷ ಅಗಲದ ಅನಿಲ ಕೆಲವು ತಿಂಗಳಲ್ಲಿ ಬೆಳಗಿ ಮಂಕಾಗಲಾರದು, ಬೆಳಕಿಗೇ ಅದನ್ನು ದಾಟಲು ನೂರಾರು ವರ್ಷ ಬೇಕು. ಆದರೆ ನಮ್ಮ ಗಾಳಿ ದೀಪದ ಜೊತೆಗೇ ಏರಿ, ದೀಪದ ಜೊತೆಗೇ ಇಳಿದಿತ್ತು.

ಆ ಎರಡು ರೋಹಿತಗಳನ್ನು ಒಂದರ ಮೇಲೊಂದು ಮುದ್ರಿಸಿ ತಂದ ಹಾಳೆ ನನಗೆ ಚೆನ್ನಾಗಿ ನೆನಪಿದೆ. ಗಡಸು ಭಾಗದಲ್ಲಿ ಎರಡು ಗೆರೆಗಳ ನಡುವೆ ಬೆರಳು ತೂರುವಷ್ಟು ಅಂತರ. 6.7ರ ಬಳಿ ಮಾತ್ರ, ಕೆಳಗಿನ ನಯವಾದ ಬೆಳಕನ್ನು ತೆಗೆದಿಟ್ಟು ನೋಡಿದರೆ, ರೇಖೆಯ ಎತ್ತರ ಎರಡರಲ್ಲೂ ಒಂದೇ. ಬಿಸಿ ಅನಿಲ ಇರುವುದು ಸುಳ್ಳಲ್ಲ. ನಾವು ಅದಕ್ಕೆ ಬೇರೆಯವರ ಆಸ್ತಿಯನ್ನೂ ಸೇರಿಸಿ ಬರೆದಿದ್ದೆವು.

ಮುಂದೇನಾಯಿತು

ಕರಡನ್ನು ಹಿಂತೆಗೆದುಕೊಂಡೆವು ಎನ್ನುವುದು ದೊಡ್ಡ ಮಾತು, ಅದು ಇನ್ನೂ ಹೊರಗೆ ಹೋಗಿರಲಿಲ್ಲ. ಆಕೆ ಮೊದಲು ಚಂದ್ರಾದ ಕನ್ನಡಿಗಳಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ಒಂದೊಂದು ವೀಕ್ಷಣೆಯ ದಿನ ದೀಪಗಳು ಎಷ್ಟು ಉರಿಯುತ್ತಿದ್ದವೋ ಅಷ್ಟೇ ಬಳೆಯನ್ನು ಕಳೆದಳು. ಅನುಕರಣೆಗೆ ದೀಪದ ನಿಜವಾದ ಪ್ರಕಾಶ ಬೇಕು, ಆದರೆ ಪೈಲ್‌ಅಪ್‌ನಿಂದ ಅದೇ ಕೆಟ್ಟಿದೆ. ಆಗ ಉಪಯೋಗಕ್ಕೆ ಬಂದದ್ದು ಹಿಂದೆ ಕಸವೆಂದು ತೆಗೆದಿಟ್ಟಿದ್ದ ಆ ತೆಳು ಗೀಟು. ಗೀಟಿನ ಮೇಲೆ ಫೋಟಾನುಗಳು ಹರಡಿ ಬಿದ್ದಿರುವುದರಿಂದ ಅಲ್ಲಿ ಪೈಲ್‌ಅಪ್ ಇಲ್ಲ. ಗೀಟಿನಿಂದ ದೀಪದ ಪ್ರಕಾಶ ಅಳೆದು, ಅದನ್ನು ಅನುಕರಣೆಗೆ ಕೊಟ್ಟಳು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ನಾನು ಹೇಳಿಕೊಟ್ಟದ್ದಲ್ಲ.

ದೀಪಗಳು ಮಂಕಾಗಿದ್ದ ದಿನಗಳ ದತ್ತಾಂಶಕ್ಕೆ ಹೆಚ್ಚು ಒತ್ತು ಕೊಟ್ಟು, ಉಳಿದ ಬೆಳಕಿನಲ್ಲಿ ಬಿಡಿಸಲಾಗದ ಸಣ್ಣ ಕ್ಷ-ಕಿರಣ ಜೋಡಿ ನಕ್ಷತ್ರಗಳಿಗೂ ಒಂದು ಪಾಲು ಇಟ್ಟು, ಕಬ್ಬಿಣದ ರೇಖೆಯನ್ನೇ ಮುಖ್ಯ ಸಾಕ್ಷಿಯಾಗಿ ಹಿಡಿದಾಗ ತಾಪ ಹತ್ತು ಕೋಟಿಯ ಎತ್ತರದಿಂದ ಇಳಿಯಿತು. ಸ್ಟ್ರಿಕ್‌ಲ್ಯಾಂಡ್ ಮತ್ತು ಹೆಕ್‌ಮನ್ 2009ರಲ್ಲೇ ಚಂದ್ರಾ ಹಾಗೂ ಎಕ್ಸ್‌ಎಂಎಂ-ನ್ಯೂಟನ್ ಎಂಬ ಇನ್ನೊಂದು ಕ್ಷ-ಕಿರಣ ಉಪಗ್ರಹದ ದತ್ತಾಂಶ ಮತ್ತು ಮಾದರಿಗಳಿಂದ ತೋರಿಸಿದ್ದ 3ರಿಂದ 8 ಕೋಟಿ ಡಿಗ್ರಿಯ ವ್ಯಾಪ್ತಿಗೆ ಬಂದು ಸೇರಿತು. ಅವರ ಲೆಕ್ಕದಲ್ಲಿ ಅಂಥ ಗಾಳಿ ಕೊನೆಗೆ ಸೆಕೆಂಡಿಗೆ 1,400ರಿಂದ 2,200 ಕಿಲೋಮೀಟರ್ ವೇಗ ಪಡೆಯುತ್ತದೆ, ಗೆಲಾಕ್ಸಿಯನ್ನು ಬಿಟ್ಟುಹೋಗಲು ಅದು ಧಾರಾಳ. ಅಂದರೆ ಆಕೆ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಪ್ರಬಂಧದ ಗಾತ್ರ ಮೂರನೆಯ ಒಂದಕ್ಕೆ ಇಳಿಯಿತು, ಶೀರ್ಷಿಕೆಯಲ್ಲಿದ್ದ ಉದ್ವೇಗದ ಪದ ಹೋಯಿತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅರ್ಧ ಗಂಟೆ ಆ ಗೀಟಿನ ಬಗ್ಗೆಯೇ ಕೇಳಿದರು.

ಕಾಲದ ಕಂಬಸಾಲನ್ನು ಕಳೆದದ್ದು ನಮ್ಮ ತಪ್ಪು ಎಂದೆ. ಇದೇ ಗೆಲಾಕ್ಸಿಯಲ್ಲಿ ಆ ಕಂಬಸಾಲು ಇನ್ನೂ ದೊಡ್ಡ ಕೆಲಸ ಮಾಡಿದೆ. 2014ರ ಜನವರಿಯಲ್ಲಿ ಎಂ82ರಲ್ಲಿ ಒಂದು ಸೂಪರ್‌ನೋವಾ ಸಿಡಿಯಿತು. ಅದನ್ನು ನೋಡಲು ನ್ಯೂಸ್ಟಾರ್ ಎಂಬ ಬಾಹ್ಯಾಕಾಶ ಕ್ಷ-ಕಿರಣ ದೂರದರ್ಶಕವನ್ನು ದಿನಗಟ್ಟಲೆ ಅತ್ತ ತಿರುಗಿಸಿದರು. ನ್ಯೂಸ್ಟಾರಿನ ಕಣ್ಣಿಗೆ ಎಕ್ಸ್-1, ಎಕ್ಸ್-2 ಬೇರೆಬೇರೆಯಲ್ಲ, ಒಂದೇ ಮುದ್ದೆ. ಆದರೆ ಆ ಮುದ್ದೆಯಿಂದ ಬಂದ ಫೋಟಾನುಗಳ ಕಾಲವನ್ನು ಲೆಕ್ಕ ಹಾಕಿದಾಗ 1.37 ಸೆಕೆಂಡಿಗೊಮ್ಮೆ ಮಿಡಿತ ಸಿಕ್ಕಿತು. ಮಿಡಿಯುತ್ತಿದ್ದದ್ದು ಎಕ್ಸ್-2. ಕಪ್ಪುರಂಧ್ರವೆಂದು ಹಲವರು ತಿಳಿದಿದ್ದ ಆ ಕಾಯ ನ್ಯೂಟ್ರಾನ್ ನಕ್ಷತ್ರವಾಗಿತ್ತು, ಅದರ ತೂಕಕ್ಕೆ ಸಲ್ಲುವ ಮಿತಿಗಿಂತ ಸುಮಾರು ನೂರು ಪಟ್ಟು ಪ್ರಕಾಶ ಚೆಲ್ಲುತ್ತಿತ್ತು. ಚಂದ್ರಾ ಎರಡು ದೀಪಗಳನ್ನು ಎಷ್ಟು ಚೆನ್ನಾಗಿ ಬಿಡಿಸಿ ತೋರಿಸಿದರೂ 3.2 ಸೆಕೆಂಡಿಗೊಮ್ಮೆ ಕಣ್ಣು ತೆರೆಯುವಾಗ ಆ ಮಿಡಿತ ಸಿಗುವಂತಿರಲಿಲ್ಲ. ಈ ಫಲಿತಾಂಶವನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಪಾಠ ಮಾಡಿದ್ದನ್ನು ಬಳಸಬೇಕೆಂದು ಮಾತ್ರ ಆ ವರ್ಷ ತೋಚಲಿಲ್ಲ.

ಈಗ ನನ್ನಲ್ಲಿಗೆ ಇಂಥ ಕೆಲಸಕ್ಕೆ ಬರುವವರಿಗೆ ಎರಡು ಕೆಲಸ ಕಡ್ಡಾಯ ಮಾಡಿದ್ದೇನೆ: ವೀಕ್ಷಣೆಗಳನ್ನು ಕೂಡಿಸುವ ಮೊದಲು ಒಂದೊಂದನ್ನೂ ಬಿಡಿಯಾಗಿ ಅಳೆಯುವುದು, ಮತ್ತು ಕತ್ತರಿಸುವ ವೃತ್ತದ ಗಾತ್ರ ಬದಲಿಸಿದರೆ ಉತ್ತರ ಎಷ್ಟು ಅಲುಗುತ್ತದೆ ಎಂಬುದನ್ನು ಮೊದಲ ವಾರದಲ್ಲೇ ನೋಡುವುದು. ಕೈ-ಸ್ಕ್ವೇರ್ ಅಂಕಿಯನ್ನು ಆಮೇಲೆ ತೋರಿಸಿ ಎನ್ನುತ್ತೇನೆ. ಗೊಣಗುತ್ತಾರೆ, ಮಾಡುತ್ತಾರೆ.

ಆಕೆ ಈಗ ಬೇರೆ ಊರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. 2023ರ ಸೆಪ್ಟೆಂಬರಿನಲ್ಲಿ ಹಾರಿದ ಜಪಾನಿನ ಕ್ರಿಸಂ ಉಪಗ್ರಹ ಇದೇ ಕಬ್ಬಿಣದ ರೇಖೆಯ ಅಗಲವನ್ನು ಅಳೆಯಬಲ್ಲದು, ಅಂದರೆ ಗಾಳಿ ಒಳಗೆ ಎಷ್ಟು ಕುದಿಯುತ್ತಿದೆ ಎಂಬುದನ್ನು ನೇರವಾಗಿ ಹೇಳಬಲ್ಲದು. ಶಕ್ತಿಯನ್ನು ಅಳೆಯುವುದರಲ್ಲಿ ಅಷ್ಟು ಚುರುಕಾದ ಅದರ ಕಣ್ಣು, ಜಾಗವನ್ನು ಬಿಡಿಸುವುದರಲ್ಲಿ ಒಂದು ಆರ್ಕ್‌ನಿಮಿಷಕ್ಕಿಂತ ಮೊಂಡು. ಎಕ್ಸ್-1, ಎಕ್ಸ್-2, ಗಾಳಿ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತವೆ. ಕಳೆದ ಸಲ ಫೋನಿನಲ್ಲಿ ಅದರ ಮಾತು ಬಂದಾಗ, ರೇಖೆ ಎಷ್ಟು ಅಗಲ ಬರಬಹುದು ಎಂದು ನಾನು ಉತ್ಸಾಹದಿಂದ ಊಹಿಸತೊಡಗಿದೆ. ಆಕೆ ನಡುವೆ ತಡೆದು ಕೇಳಿದಳು: "ಸರ್, ನೋಡಿದ ದಿನ ಎಕ್ಸ್-1 ಎಷ್ಟು ಉರಿಯುತ್ತಿತ್ತು?"